‘ಥೈರಾಯ್ಡ್ ನಾರ್ಮಲ್’ ಅಂದರೆ ಯಾವುದು ನಾರ್ಮಲ್? ಗಂಟು, ಗಡ್ಡೆ, ನರ ಇವುಗಳ ಬಗ್ಗೆಯೂ ಕೇಳಬೇಕಿತ್ತು

ಗೆಳೆಯರೇ,

ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಬಗ್ಗೆ ರೋಗಿಗಳ ಮನೆಯವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳು ಬಗೆಹರಿಯುತ್ತಿಲ್ಲ.

ಮೊದಲನೆಯದು ‘ಥೈರಾಯ್ಡ್’. ನಮ್ಮ ಮಾತಿನಲ್ಲಿ ಇದು ಅಂಗದ ಹೆಸರಿಗಿಂತ ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ‘ಅತ್ತೆಗೆ ಥೈರಾಯ್ಡ್ ಇದೆ’, ‘ಟೆಸ್ಟ್ ಮಾಡಿಸಿದ್ವಿ, ಥೈರಾಯ್ಡ್ ಇಲ್ವಂತೆ’ ಅಂತೀವಿ ಅಲ್ವಾ? ದಿನದ ಮಾತಿಗೆ ಇದರಿಂದ ತೊಂದರೆಯಿಲ್ಲ. ಆದರೆ ಆ ‘ಟೆಸ್ಟ್’ ಅಂದರೆ ಹೆಚ್ಚಾಗಿ ಗ್ರಂಥಿಯ ಕೆಲಸ ನೋಡುವ ರಕ್ತಪರೀಕ್ಷೆಗಳಾದ ಟಿ3, ಟಿ4, ಟಿಎಸ್‌ಎಚ್. ಮೆಡ್ಯುಲರಿ ಹುಟ್ಟುವುದು ಥೈರಾಯ್ಡ್ ಹಾರ್ಮೋನ್ ತಯಾರಿಸುವ ಕೋಶಗಳಲ್ಲಿ ಅಲ್ಲ, ಅದೇ ಗ್ರಂಥಿಯಲ್ಲಿ ಅವುಗಳ ಪಕ್ಕ ಇರುವ ಸಿ ಕೋಶಗಳಲ್ಲಿ. ಅವು ಬಿಡುವುದು ಕ್ಯಾಲ್ಸಿಟೋನಿನ್ ಅನ್ನುವ ಬೇರೆಯೇ ಹಾರ್ಮೋನ್. ಹಾಗಾಗಿ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿದ್ದರೂ ಟಿಎಸ್‌ಎಚ್ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ರಿಪೋರ್ಟ್ ನೋಡಿದವರು ‘ಥೈರಾಯ್ಡ್ ನಾರ್ಮಲ್’ ಅಂದರೆ ಮನೆಯವರಿಗೆ ‘ಏನೂ ಇಲ್ಲ’ ಅಂತಲೇ ಕೇಳಿಸುತ್ತದೆ, ಅಲ್ಲಿಗೆ ವಿಚಾರಣೆ ನಿಂತುಹೋಗುತ್ತದೆ. ನನಗೆ ಚಿಂತೆ ಇರುವುದು ಇಲ್ಲೇ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಟಿಎಸ್‌ಎಚ್ ಸರಿ ಇದೆ ಎಂದರೆ ಗ್ರಂಥಿಯ ಕೆಲಸ ಸರಿ ಇದೆ ಎಂದಷ್ಟೇ. ಗಂಟು ಯಾವ ಬಗೆಯದು ಎಂದು ಅದು ಹೇಳುವುದಿಲ್ಲ.’ ಇನ್ನೂ ಸರಳವಾಗಿ ಹೇಳಬಹುದೇ?

ಎರಡನೆಯದು ಗಂಟು, ಗಡ್ಡೆ. ನಾನು ‘ಗಂಟು’ ಇಟ್ಟುಕೊಂಡಿದ್ದೇನೆ, ಥೈರಾಯ್ಡ್ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ‘ಗಡ್ಡೆ’ ಅಂದ ಕೂಡಲೇ ಜನ ಕ್ಯಾನ್ಸರ್ ಅಂತಲೇ ಹೆದರುತ್ತಾರೆ. ಖಚಿತವಾದ ಮೇಲೆ ‘ಗಡ್ಡೆ’ ಅನ್ನಬಹುದು.

ಎಲ್ಲಿಯ ಗಂಟು ಅನ್ನುವುದೂ ಮುಖ್ಯ. ಕೆಲವರು ‘ಗಂಟಲ ಗಡ್ಡೆ’ ಅಂತ ಬರೆಯುತ್ತಾರೆ. ನನಗೆ ಗಂಟಲು ಅಂದರೆ ಒಳಗಡೆ, ನುಂಗುವ ಜಾಗ. ಥೈರಾಯ್ಡ್ ಇರುವುದು ಕುತ್ತಿಗೆಯ ಮುಂಭಾಗದಲ್ಲಿ. ಇದು ಸುಮ್ನೆ ಪದದ ಜಗಳ ಅಲ್ಲ. ಮೆಡ್ಯುಲರಿಯ ಹಾಗೆಯೇ ನ್ಯೂರೋಎಂಡೋಕ್ರೈನ್, ಅಂದರೆ ಹಾರ್ಮೋನ್ ಬಿಡುವಂಥ ಕೋಶಗಳ, ಆದರೆ ಧ್ವನಿಪೆಟ್ಟಿಗೆಯಲ್ಲೇ ಹುಟ್ಟುವ ಅಪರೂಪದ ಗಡ್ಡೆಗಳೂ ಇವೆ, ಅದು ನಿಜಕ್ಕೂ ಗಂಟಲಿನದು. ಅದರ ಕೋಶಗಳೂ ಎಷ್ಟೋ ಸಲ, ಕ್ಯಾಲ್ಸಿಟೋನಿನ್ ಇದೆಯೇ ಎಂದು ನೋಡಲು ಲ್ಯಾಬಿನಲ್ಲಿ ಹಾಕುವ ಬಣ್ಣ ಹಿಡಿಯುತ್ತವೆ. ಕುತ್ತಿಗೆಯ ಬದಿಗೆ ಹರಡಿದ ಗಂಟಿಗೆ ಸೂಜಿ ಹಾಕಿ ತೆಗೆದ ಚೂರನ್ನು ಮಾತ್ರ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಆಗ ಧ್ವನಿಪೆಟ್ಟಿಗೆಯನ್ನೂ ಥೈರಾಯ್ಡನ್ನೂ ನೋಡಬೇಕು, ರಕ್ತದ ಕ್ಯಾಲ್ಸಿಟೋನಿನ್ ಅಳೆಯಬೇಕು. ಮೆಡ್ಯುಲರಿಯಲ್ಲಿ ಅದು ಸಾಮಾನ್ಯವಾಗಿ ಏರಿರುತ್ತದೆ, ಧ್ವನಿಪೆಟ್ಟಿಗೆಯದರಲ್ಲಿ ಹೆಚ್ಚಾಗಿ ಏರಿರುವುದಿಲ್ಲ. ಬರೀ ಸೂಜಿ ಪರೀಕ್ಷೆಯಲ್ಲಿ ಮೆಡ್ಯುಲರಿ ತಪ್ಪಿಹೋಗುವುದೂ ಉಂಟು, ಅದಕ್ಕೇ ಸೂಜಿ ತೊಳೆದ ನೀರಿನಲ್ಲೂ ಕ್ಯಾಲ್ಸಿಟೋನಿನ್ ನೋಡುತ್ತಾರೆ.

‘ನ್ಯೂರೋಎಂಡೋಕ್ರೈನ್’ಗೆ ‘ನರ-ನಿರ್ನಾಳಗ್ರಂಥಿಯ’ ಅಂತ ಬರೆದು ಅಳಿಸಿದೆ. ‘ಕೈಯಲ್ಲಿ ನರ ಕಾಣುತ್ತೆ’ ಅಂದರೆ ರಕ್ತನಾಳ, ‘ನರ ಹಿಡ್ಕೊಂಡಿದೆ’ ಅಂದರೆ ಬಹಳ ಸಲ ಸ್ನಾಯು. ‘ನರದ ಗಡ್ಡೆ’ ಅಂತ ಓದಿದವರು ಲಕ್ವದ ಬಗ್ಗೆ ಯೋಚಿಸಬಹುದು. ಅದಕ್ಕಿಂತ ಇಂಗ್ಲಿಷ್ ಪದವನ್ನೇ ಒಮ್ಮೆ ಬರೆದು, ‘ನರಕೋಶದ ಕೆಲವು ಗುಣಗಳಿರುವ, ಹಾರ್ಮೋನ್ ಬಿಡುವ ಕೋಶಗಳು’ ಅಂತ ಬಿಡಿಸಿ ಹೇಳುವುದು ವಾಸಿ ಅನ್ನಿಸಿತು. ‘ಹಾರ್ಮೋನ್’ ಹಾಗೇ ಇರಲಿ, ‘ಚೋದಕ’ ಅಂದರೆ ಅರ್ಥವಾಗುವವರು ಕಡಿಮೆ.

ಸುಮಾರು ನಾಲ್ಕರಲ್ಲಿ ಒಂದು ಮೆಡ್ಯುಲರಿ ವಂಶದಲ್ಲಿ ಇಳಿದು ಬರುತ್ತದೆ, ರೆಟ್ (RET) ಅನ್ನುವ ಜೀನಿನ ದೋಷದಿಂದ. ಅದಕ್ಕೆ ರೋಗಿಗಳೆಲ್ಲರಿಗೂ ಜೀನ್ ಪರೀಕ್ಷೆ ಹೇಳುತ್ತಾರೆ, ದೋಷ ಸಿಕ್ಕರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ. ‘ಆನುವಂಶಿಕ’ ಬೇಡ, ‘ಮನೆತನದಲ್ಲಿ ಬರುವ’ ಅಂದರೆ ಸಾಕಲ್ವಾ? ಅಥವಾ ಅದು ಮನೆತನಕ್ಕೆ ಕಳಂಕ ಅನ್ನುವ ಹಾಗೆ ಕೇಳಿಸುತ್ತದೆಯೇ?

ಕೊನೆಯದು. ಕ್ಯಾಲ್ಸಿಟೋನಿನ್ ಬಹಳ ಏರಿದಾಗ ಕೆಲವರಿಗೆ ಭೇದಿ ನಿಲ್ಲುವುದಿಲ್ಲ, ಮುಖ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ. ಇಂಗ್ಲಿಷಿನ ‘ಫ್ಲಶಿಂಗ್’ಗೆ ‘ಮುಖ ಕೆಂಪೇರುವುದು’ ಅಂದರೆ ನಮ್ಮಲ್ಲಿ ನಾಚಿಕೆ ಅಥವಾ ಕೋಪ, ಅಲ್ಲದೆ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೂ ಕಷ್ಟ. ‘ಮುಖಕ್ಕೆ ಝಳ ಹೊಡೆದಂತಾಗುವುದು’ ಅಂತ ಬರೆದಿದ್ದೇನೆ. ನಿಮ್ಮ ಊರುಗಳಲ್ಲಿ ಇದಕ್ಕೆ ಏನಂತಾರೆ, ದಯವಿಟ್ಟು ತಿಳಿಸಿ.