ಅಲ್ಯುಮಿನಾ ರಿಂಗಿಗೆ ಫಿನಿಶ್ ಬರ್ತಿಲ್ಲ, ಯಾವ ಟೂಲ್ ಹಾಕಲಿ?

ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಇಷ್ಟು ದಿನ ಸ್ಟೀಲು, ಹಿತ್ತಾಳೆ ಮಾಡಿಕೊಂಡಿದ್ದೆವು. ಈಗ 99.5% ಅಲ್ಯುಮಿನಾ (ಗಟ್ಟಿ ಸೆರಾಮಿಕ್) ಇನ್ಸುಲೇಟರ್ ರಿಂಗ್‌ಗಳ ಕೆಲಸ ಬಂದಿದೆ, ಮುಖಕ್ಕೆ ಆರ್‌ಎ (ಮೇಲ್ಮೈ ಒರಟುತನದ ಅಳತೆ, ಕಡಿಮೆಯಿದ್ದಷ್ಟೂ ನುಣುಪು) 0.4 ಮೈಕ್ರಾನ್ ಬೇಕಂತೆ. ಕಾರ್ಬೈಡ್ ಎಂಡ್‌ಮಿಲ್ ಎರಡೇ ನಿಮಿಷಕ್ಕೆ ಮೊಂಡಾಯಿತು. ಎಲೆಕ್ಟ್ರೋಪ್ಲೇಟೆಡ್ ಡೈಮಂಡ್ ಪಿನ್ನಿನಲ್ಲಿ 1.2ಕ್ಕಿಂತ ಕೆಳಗಿಳಿಯುತ್ತಿಲ್ಲ, ಅಂಚೂ ಉದುರುತ್ತಿದೆ. ಮಾಡಿದವರು ದಯವಿಟ್ಟು ಹೇಳಿ.

ಗ್ರೈಂಡಿಂಗ್‌ನಲ್ಲಿ 18 ವರ್ಷದಿಂದ ಇರುವವನು: ಸುಟ್ಟ ಅಲ್ಯುಮಿನಾದ ಗಡಸುತನ ಸುಮಾರು 1500 ವಿಕರ್ಸ್. ಕಾರ್ಬೈಡ್ ಕೂಡ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ, ಹಾಗಾಗಿ ಅದನ್ನು ಮರೆತುಬಿಡಿ. ನಿಮ್ಮ ಡೈಮಂಡ್ ಪಿನ್ ರಫಿಂಗ್‌ಗೆ ಚೆನ್ನಾಗಿದೆ, ಫಿನಿಶಿಂಗ್‌ಗಲ್ಲ. ಅದರಲ್ಲಿ ನಿಕ್ಕಲ್ ಹಿಡಿದಿಟ್ಟಿರುವುದು ಒಂದೇ ಪದರ ವಜ್ರದ ಕಾಳು. ಒಂದು ಕಾಳು ಮಿಕ್ಕವಕ್ಕಿಂತ ಎತ್ತರ ಇದ್ದರೆ ಸಾಕು, ಅದು ಗೀರಿದ ಗೆರೆ ಕೊನೆವರೆಗೂ ಉಳಿಯುತ್ತೆ. ರೆಸಿನ್ ಬಾಂಡ್ ವೀಲ್‌ಗೆ ಬನ್ನಿ, ಅಂದರೆ ವಜ್ರದ ಕಾಳುಗಳನ್ನು ರಾಳದ ಅಂಟು (ಬಾಂಡ್) ಹಿಡಿದಿಟ್ಟಿರುವ ಗ್ರೈಂಡಿಂಗ್ ಚಕ್ರ. ಬಾಂಡ್ ಸ್ವಲ್ಪ ಒತ್ತಡ ತಾಳಿಕೊಳ್ಳುತ್ತೆ, ಸವೆದ ಕಾಳು ಉದುರಿ ಹೊಸದು ಮೇಲೆ ಬರುತ್ತೆ. ನಾನು ಡಿ126ರಲ್ಲಿ (ದಪ್ಪ ಕಾಳು) ರಫ್ ಮಾಡಿ ಡಿ46ರಲ್ಲಿ (ಸಣ್ಣ ಕಾಳು) ಮುಗಿಸುತ್ತೇನೆ. ಕೊನೆಯ ಪಾಸ್ 5 ಮೈಕ್ರಾನ್, ಆಮೇಲೆ ಇನ್‌ಫೀಡ್ ಕೊಡದೆ (ವೀಲನ್ನು ಇನ್ನಷ್ಟು ಕೆಳಗಿಳಿಸದೆ) ನಾಲ್ಕು ಸಲ ಸುಮ್ಮನೆ ಓಡಿಸುವುದು. ಕೂಲೆಂಟ್ ಧಾರಾಳವಾಗಿರಲಿ, ನೇರ ವೀಲ್ ತಾಗುವ ಜಾಗಕ್ಕೇ ಬೀಳಲಿ.

ಹೊಸೂರಿನಿಂದ: ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ, ಯಾಕೆಂದರೆ ನಾನು ಇದರಲ್ಲೇ ಎರಡು ವಾರ ಕಳೆದಿದ್ದೇನೆ. ಫಿನಿಶ್ ಬರಲಿಲ್ಲವೆಂದು ಇನ್ನೂ ಸಣ್ಣ ಕಾಳಿನ ವೀಲ್ ಹಾಕಿದೆ, ಆರ್‌ಎ ಇಳಿಯುವ ಬದಲು ಏರಿತು! ವೀಲ್ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳೆಯುವ ವೀಲ್ ಅಂದರೆ ಮೊಂಡು ವೀಲ್. ಅದು ಕತ್ತರಿಸುವುದಿಲ್ಲ, ಉಜ್ಜುತ್ತೆ. ಒತ್ತಡಕ್ಕೆ ಅಲ್ಯುಮಿನಾದ ಕಣಗಳು ಬುಡಸಮೇತ ಕಿತ್ತು ಬರುತ್ತವೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಗುಳಿ. ಬಿಳಿ ಡ್ರೆಸ್ಸಿಂಗ್ ಸ್ಟಿಕ್ (ವೀಲ್ ಉಜ್ಜುವ ಕಲ್ಲಿನ ಕಡ್ಡಿ) ಕೊಟ್ಟು ಬಾಂಡ್ ಸವೆಸಿ ಕಾಳು ತೆರೆದ ಮೇಲೆ ಅದೇ ವೀಲ್ 0.35 ಕೊಟ್ಟಿತು. ಈಗ ಪ್ರತಿ ಹತ್ತು ಪೀಸಿಗೊಮ್ಮೆ ಡ್ರೆಸ್ ಮಾಡುತ್ತೇನೆ. ಸದ್ದಿನಲ್ಲೇ ಗೊತ್ತಾಗುತ್ತೆ: ಸರಸರ ಅನ್ನುತ್ತಿದ್ದದ್ದು ಕೀಚಲು ಶುರುವಾದರೆ ನಿಲ್ಲಿಸಿ.

ಟೂಲ್‌ರೂಮ್‌ನಿಂದ: ಅಂಚು ಉದುರುವುದು ಟೂಲ್ ಹೊರಬರುವ ಕಡೆಗೆ ತಾನೇ? ಅಲ್ಲಿ ಹಿಂದಿನಿಂದ ಆಸರೆ ಇರುವುದಿಲ್ಲ. ಮೊದಲೇ ಅಂಚಿಗೆ ಸಣ್ಣ ಚೇಂಫರ್ (ಓರೆ) ಹೊಡೆಯಿರಿ, ಇಲ್ಲವೇ ಆಸರೆಗೆ ಅಲ್ಲಿ ಮೇಣದಲ್ಲಿ ಗಾಜಿನ ತುಂಡು ಅಂಟಿಸಿ. ಸ್ಪಿಂಡಲ್ ರನೌಟ್ (ತಿರುಗುವಾಗಿನ ಓಲಾಟ) ಕೂಡ ನೋಡಿಕೊಳ್ಳಿ.

ಸೆರಾಮಿಕ್ ಘಟಕದಲ್ಲಿ ಕೆಲಸ: ಸುಡುವ ಮೊದಲೇ ಆಕಾರ ಕೊಡಿಸಿ ತರಿಸಿದರೆ ಗ್ರೈಂಡಿಂಗ್ ಹೊರೆ ಕಡಿಮೆ. ಸುಟ್ಟಾಗ ಅಳತೆ 15ರಿಂದ 20% ಕುಗ್ಗುತ್ತೆ, ಲೆಕ್ಕ ಇಟ್ಟುಕೊಳ್ಳಿ. ಹಸಿಯಲ್ಲೂ ಮೊಂಡು ಟೂಲ್ ಬೇಡ, ಅದು ಕಿತ್ತ ಗುಳಿ ಸುಟ್ಟ ಮೇಲೂ ಉಳಿಯುತ್ತೆ. 800 ಡಿಗ್ರಿ ಸೆಲ್ಸಿಯಸ್ ಒಳಗಿನ ಕೆಲಸವಾದರೆ ಗ್ರಾಹಕರನ್ನು ಮೇಕಾರ್ ಆಗುತ್ತಾ ಅಂತಲೂ ಕೇಳಿ. ಅಭ್ರಕ ಬೆರೆತ ಆ ಗಾಜು-ಸೆರಾಮಿಕ್ ಮಾಮೂಲಿ ಕಾರ್ಬೈಡ್‌ಗೇ ಬಗ್ಗುತ್ತೆ. ಶಕ್ತಿ ಮಾತ್ರ ಅಲ್ಯುಮಿನಾದಷ್ಟಿಲ್ಲ.

ಹೊಸೂರಿನಿಂದ, ಮತ್ತೆ: ಆರ್‌ಎ ಒಂದನ್ನೇ ನಂಬಬೇಡಿ. 0.35 ಬಂದ ನನ್ನ ಪೀಸುಗಳಲ್ಲಿ ಮೂರು ಜೋಡಿಸುವಾಗಲೇ ಸೀಳಿದವು. ಉಳಿದವಕ್ಕೆ ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ದ್ರವ) ಹಚ್ಚಿ ಒರೆಸಿದಾಗ ಕೂದಲೆಳೆಯಂಥ ಕೆಂಪು ಗೆರೆಗಳು ಕಂಡವು. ರಫಿಂಗ್‌ನಲ್ಲಿ ಅವಸರಕ್ಕೆ ಒಂದೇ ಪಾಸಿಗೆ 40 ಮೈಕ್ರಾನ್ ಇಳಿಸಿದ್ದೆ. ಆಗಲೇ ಒಳಗೆ ಬಿರುಕು ಬಿಟ್ಟಿತ್ತು, ಫಿನಿಶಿಂಗ್ ಪಾಸು ಅದರ ಬಾಯಿ ಮುಚ್ಚಿತ್ತಷ್ಟೇ.