ಹಲಸಿನ ಸಿಪ್ಪೆ ತಿಂದ ದನ: ಸಗಣಿ ತೆಳು, ಹಾಲಿನ ಫ್ಯಾಟ್ ಇಳಿದಿದೆ

ಪೆರ್ಲದ ಹಟ್ಟಿ:
ಜೆರ್ಸಿ ಕ್ರಾಸ್ ದನ, ಎರಡನೇ ಕರು. ಹತ್ತಿರದಲ್ಲಿ ಹಲಸಿನ ಹಲ್ವ ಮಾಡುವವರಿದ್ದಾರೆ, ಅಲ್ಲಿಂದ ಸಿಪ್ಪೆ, ಗೂಂಜು (ಹಣ್ಣಿನ ನಡುವಿನ ದಿಂಡು), ಕೊಳೆತ ಸೊಳೆ ಎಲ್ಲ ಗೋಣಿಯಲ್ಲಿ ತರುತ್ತೇವೆ. ದನ ಆಸೆಯಿಂದ ತಿನ್ನುತ್ತದೆ, ಬೈಹುಲ್ಲು ಮೂಸುವುದೂ ಇಲ್ಲ. ಈಗ ಸಗಣಿ ತೆಳು, ಹುಳಿ ವಾಸನೆ. ಸೊಸೈಟಿಯಲ್ಲಿ ಫ್ಯಾಟ್ 4ರಿಂದ 3ಕ್ಕೆ ಇಳಿಯಿತು. ಅದೇ ಸಿಪ್ಪೆ ತಿನ್ನುವ ನಮ್ಮ ಗಿಡ್ಡ ದನಕ್ಕೆ (ಊರಿನ ಸಣ್ಣ ತಳಿ) ಏನೂ ಆಗಿಲ್ಲ. ಹುಳದ ಮದ್ದು ಕೊಡಬೇಕಾ?

ಬಾಯಾರು ಹೈನುಗಾರ:
ಅಕ್ಕ, ಮೊದಲು ಇದನ್ನು ಹೇಳಿ: ಮಲಗಿದಾಗ ಮೆಲುಕು ಹಾಕುತ್ತದಾ? ಗಿಡ್ಡ ಗುಡ್ಡೆಗೆ ಮೇಯಲು ಹೋಗುತ್ತದಾ?

ಪೆರ್ಲದ ಹಟ್ಟಿ:
ಮೆಲುಕು ಕಡಿಮೆಯಾಗಿದೆ ಅಣ್ಣ. ಗಿಡ್ಡ ಬೆಳಿಗ್ಗೆಯಿಂದ ಸಂಜೆವರೆಗೆ ಗುಡ್ಡೆಯಲ್ಲೇ. ಸಿಪ್ಪೆ ಅದಕ್ಕೆ ಸಂಜೆ ಸ್ವಲ್ಪ.

ಬಾಯಾರು ಹೈನುಗಾರ:
ಹಾಗಾದರೆ ಹುಳಕ್ಕಿಂತ ಹೊಟ್ಟೆಯ ಹುಳಿಯ ಮೇಲೇ ನನಗೆ ಸಂಶಯ. ಹಣ್ಣಾದ ಹಲಸಿನಲ್ಲಿ ಸಕ್ಕರೆ ಜಾಸ್ತಿ. ಮೆಲುಕು ಹೊಟ್ಟೆಯ (ದನದ ಮೊದಲ ದೊಡ್ಡ ಹೊಟ್ಟೆ) ಸೂಕ್ಷ್ಮಜೀವಿಗಳು ಅದನ್ನು ಗಡಿಬಿಡಿಯಲ್ಲಿ ಹುದುಗಿಸಿ ಆಮ್ಲ ಮಾಡುತ್ತವೆ, ಅತಿಯಾದರೆ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ 6ರ ಮೇಲಿರುವ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸಿಗೆ ಬಂದರೆ ನಾರು ಜೀರ್ಣಿಸುವ ಜೀವಿಗಳು ಸೋಲುತ್ತವೆ. ಹಾಲಿನ ಕೊಬ್ಬಿಗೆ ಬೇಕಾದ ಅಸಿಟೇಟ್ ಎಂಬ ಕಚ್ಚಾವಸ್ತು ಬರುವುದು ಮುಖ್ಯವಾಗಿ ನಾರಿನಿಂದ. ಅದರ ಜೊತೆಗೆ, ಹುಳಿಯಾದ ಹೊಟ್ಟೆಯಲ್ಲಿ ಹುಟ್ಟುವ ಕೆಲವು ಕೊಬ್ಬಿನಾಮ್ಲಗಳು ಕೆಚ್ಚಲಲ್ಲಿ ಕೊಬ್ಬು ತಯಾರಾಗುವುದನ್ನೇ ತಡೆಯುತ್ತವೆ.

ಬೈಹುಲ್ಲು ಬಿಟ್ಟದ್ದೇ ದೊಡ್ಡ ಪೆಟ್ಟು. ಜಗಿದು ಮೆಲುಕು ಹಾಕಿದರೆ ಜೊಲ್ಲು ಬರುತ್ತದೆ, ಅದರ ಬೈಕಾರ್ಬನೇಟ್ ಹುಳಿಯನ್ನು ತಗ್ಗಿಸುತ್ತದೆ. ನಿಮ್ಮ ಗಿಡ್ಡ ಗುಡ್ಡೆಯ ಒರಟು ಹುಲ್ಲು ಹೊಟ್ಟೆ ತುಂಬ ತಿಂದು ಬಂದು ಸಿಪ್ಪೆಗೆ ಬಾಯಿ ಹಾಕುತ್ತದೆ, ಅದಕ್ಕೇ ಉಳಿದುಕೊಂಡಿದೆ.

ಈಗ ಸಿಪ್ಪೆ ಪೂರ್ತಿ ನಿಲ್ಲಿಸಿ, ಹಿಂಡಿ ಕಡಿಮೆ ಮಾಡಿ. ಅಕ್ಕಚ್ಚಿಗೆ (ದನಕ್ಕೆ ಕೊಡುವ ಕಲಗಚ್ಚು) ಅನ್ನ, ಗಂಜಿ ಹಾಕಬೇಡಿ, ಅದೂ ಹುಳಿಯನ್ನೇ ಹೆಚ್ಚಿಸುತ್ತದೆ. ಬೈಹುಲ್ಲು, ನೀರು ಸದಾ ಎದುರಿಗಿರಲಿ. ಅಡುಗೆ ಸೋಡಾ ದಿನಕ್ಕೆ 100 ಗ್ರಾಂ, ಎರಡು ಹೊತ್ತಿಗೆ ಹಂಚಿ ಹಿಂಡಿಯಲ್ಲಿ ಕಲಸಿ. ಗೊಟ್ಟದಲ್ಲಿ (ಮದ್ದು ಕುಡಿಸುವ ಕೊಳವೆ) ಒತ್ತಾಯವಾಗಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದರೆ ದನ ಹೋಗುತ್ತದೆ. ತಿನ್ನುವುದನ್ನೇ ಬಿಟ್ಟರೆ, ಕಣ್ಣು ಗುಳಿಬಿದ್ದರೆ, ಎದ್ದು ನಿಲ್ಲದಿದ್ದರೆ ಸೋಡಾ ನಂಬಿ ಕೂರದೆ ಆಗಲೇ ಡಾಕ್ಟರನ್ನು ಕರೆಸಿ. ಗೊರಸನ್ನೂ ನೋಡುತ್ತಿರಿ, ಈ ಹುಳಿಯಿಂದ ಗೊರಸಿಗೂ ನೋವು ಬರಬಹುದು.

ಮುಳ್ಳೇರಿಯದ ಕೃಷಿಕ:
ಗೇರುಹಣ್ಣಿಗೂ ಇದೇ ಮಾತಾ? ನಮ್ಮಲ್ಲಿ ಸೀಸನ್ನಿನಲ್ಲಿ ರಾಶಿ ಬೀಳುತ್ತದೆ.

ಬಾಯಾರು ಹೈನುಗಾರ:
ಸಕ್ಕರೆಯ ಮಟ್ಟಿಗೆ ಹೌದು. ಗೇರಿನಲ್ಲಿ ಒಗರಿನ ಟ್ಯಾನಿನ್ ಕೂಡ ಇದೆ. ಮಿತದಲ್ಲಿ ಅದು ಹಿಂಡಿಯ ಪ್ರೋಟೀನನ್ನು ಮೆಲುಕು ಹೊಟ್ಟೆಯಲ್ಲಿ ಒಡೆಯದಂತೆ ಕಾಯುತ್ತದೆ, ಹೆಚ್ಚಾದರೆ ದನ ಮೇವು ಬಿಡುತ್ತದೆ. ರಾಶಿಯಲ್ಲಿ ಹುದುಗಿದ ಹಣ್ಣು ಬೇಡ, ಅದರಲ್ಲಿ ಸಾರಾಯಿಯ ಅಂಶ ಇರುತ್ತದೆ.

ಪೆರ್ಲದ ಹಟ್ಟಿ:
ಅಣ್ಣ, ಸೋಡಾ ಶುರು ಮಾಡಿದೆ, ಬೈಹುಲ್ಲಿಗೆ ಬಾಯಿ ಹಾಕಿತು. ಸಗಣಿ ಇನ್ನೂ ತೆಳುವೇ. ಸಿಪ್ಪೆ ಇನ್ನು ಪೂರ್ತಿ ಎಸೆಯುವುದಾ? ಹಿಂಡಿಗೆ ಈಗಿನ ರೇಟು ನೋಡಿದರೆ ಮನಸ್ಸು ಬರುವುದಿಲ್ಲ.

ಬಾಯಾರು ಹೈನುಗಾರ:
ಎಸೆಯಬೇಡಿ ಅಕ್ಕ, ಒಳ್ಳೆಯ ಮೇವು ಅದು. ಸಗಣಿ ಗಟ್ಟಿಯಾದ ಮೇಲೆ ಹೊಸ ಸಿಪ್ಪೆಯನ್ನು ಚಿಕ್ಕದಾಗಿ ಕೊಚ್ಚಿ, ಬೈಹುಲ್ಲು ತಿಂದ ಮೇಲೆಯೇ, 2 ಕಿಲೋದಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸಿ. ದೊಡ್ಡ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಿದ್ದರೆ ನಾಲ್ಕು ಪಾಲು ಸಿಪ್ಪೆಗೆ ಒಂದು ಪಾಲು ಕತ್ತರಿಸಿದ ಬೈಹುಲ್ಲು ಬೆರೆಸಿ, ಡ್ರಮ್ಮಿನಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿಡಿ. ಮೂರು ವಾರದಲ್ಲಿ ರಸಮೇವು ಸಿದ್ಧ. ಬೂಷ್ಟು ಹಿಡಿದದ್ದನ್ನು ದನಕ್ಕೆ ಕೊಡಬೇಡಿ, ತೆಗೆದು ಬಿಸಾಡಿ.