ಭಾಭಾ ವಿಮಾನದ ಫಾರ್ವರ್ಡ್: ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಶಾಸ್ತ್ರೀಜಿ ತೀರಿಕೊಂಡ 13 ದಿನಕ್ಕೆ ಅಣುವಿಜ್ಞಾನಿ ಹೋಮಿ ಭಾಭಾ! ವಿಮಾನದಲ್ಲಿ ಬಾಂಬ್ ಇಟ್ಟಿದ್ದು ಯಾರು? ಎಲ್ಲರಿಗೂ ಕಳಿಸಿ.

ಅತ್ತೆ: ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಇದ್ದವರು. ಈಗಲೂ ಹೊಟ್ಟೆ ಉರಿಯುತ್ತೆ.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನ ಮುಂದೆ ಕಳಿಸಬೇಡಿ. ರೇಡಾರ್ ಮುಂದೆ ಕೂತು ವಿಮಾನ ಇಳಿಸೋ ಕೆಲಸ ನಂದು, ಸುಮ್ಮನಿರಕ್ಕೆ ಆಗ್ತಿಲ್ಲ. 1966ರ ಜನವರಿ 24, ಏರ್ ಇಂಡಿಯಾದ ಬೋಯಿಂಗ್ 707 ಬೈರೂತ್‌ನಿಂದ ಜಿನೀವಾಕ್ಕೆ ಬರ್ತಿತ್ತು. ಎಲ್ಲಿದ್ದೀವಿ ಅಂತ ತೋರಿಸೋ ಎರಡು ವಿಒಆರ್ ರಿಸೀವರ್‌ಗಳಲ್ಲಿ ಒಂದು ಕೆಟ್ಟಿತ್ತು. ಕಂಟ್ರೋಲ್‌ನವರು 19,000 ಅಡಿಯಲ್ಲೇ ಇರಿ, ಮೋಡಕ್ಕಿಂತ 1,000 ಅಡಿ ಮೇಲಿದ್ದು ಕಣ್ಣಿಗೆ ಕಾಣೋ ಹಾಗಿದ್ದರೆ ಮಾತ್ರ ಇಳೀರಿ ಅಂದಿದ್ದರು. ದಾರಿಯಲ್ಲಿದ್ದ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬೆಟ್ಟದ ತುದಿ ಸುಮಾರು 15,780 ಅಡಿ. ಬೆಟ್ಟದ ಪಕ್ಕಕ್ಕೆ ಬಂದ್ವಿ ಅಂದರು ಪೈಲಟ್. ರೇಡಾರ್‌ನವರು ಇನ್ನೂ ಐದು ಮೈಲಿ ಇದೆ ಅಂದರು. ಪೈಲಟ್ 'ರಾಜರ್', ಅಂದರೆ ಕೇಳಿಸ್ತು, ಅಂದು ಇಳಿದೇಬಿಟ್ಟರು. ವಿಮಾನ ಬೆಟ್ಟಕ್ಕೆ ಬಡೀತು. 117 ಜನ ಹೋದರು.

ದೊಡ್ಡಪ್ಪ: ಅಂಥ ಅನುಭವಸ್ಥರಿಗೆ ಬೆಟ್ಟ ಎಲ್ಲಿದೆ ಅಂತ ಗೊತ್ತಿರಲ್ವೇನೋ? ನಂಬೋ ಮಾತಾ?

ನಾನು: ಅನುಭವಸ್ಥರಿಗೇ ಆಗಿದೆ ದೊಡ್ಡಪ್ಪ. 1992ರಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ಪಿಐಎ ವಿಮಾನ, 167 ಜನ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು, ಇಷ್ಟು ಮೈಲಿ ದೂರದಲ್ಲಿ ಇಷ್ಟು ಅಡಿಗಿಂತ ಕೆಳಗೆ ಬರಬೇಡಿ ಅಂತ ಚಾರ್ಟ್‌ನಲ್ಲೇ ಬರೆದಿರುತ್ತೆ. ಅವರು ಪ್ರತಿ ಸಲ ಒಂದು ಮೆಟ್ಟಿಲು ಮುಂಚೆಯೇ ಇಳಿದರು. ಎದುರಿಗೆ ಗುಡ್ಡ.

ಅತ್ತೆ: ಐದು ಮೈಲಿ ಅಂತ ಹೇಳಿದ್ದರಲ್ಲ, ಮತ್ತೆ ತಪ್ಪು ಯಾರದು?

ನಾನು: ಆ ಮಾತೇ ನನಗೆ ನಿದ್ದೆ ಕೆಡಿಸೋದು ಅತ್ತೆ. ಆಗ ಮೈಲಿ ಹೇಳಿದರು, ಅಡಿ ಮತ್ತೆ ಹೇಳಲಿಲ್ಲ. 'ಬೆಟ್ಟ ದಾಟಿಲ್ಲ, 19,000 ಬಿಡಬೇಡಿ' ಅನ್ನಬೇಕಿತ್ತು. ಪೈಲಟ್ ಅಡಿ ಲೆಕ್ಕ ತಿರುಗಿ ಒಪ್ಪಿಸೋವರೆಗೂ ನಾನು ಬಿಡಲ್ಲ. ಬರೀ 'ರಾಜರ್' ಬಂದರೆ ಮತ್ತೆ ಕೇಳ್ತೀನಿ, ಎಷ್ಟೇ ಗಡಿಬಿಡಿ ಇರಲಿ.

ದೊಡ್ಡಪ್ಪ: ಅದೆಲ್ಲ ಸರಿ. ಭಾಭಾ ಇದ್ದ ವಿಮಾನವೇ ಯಾಕೆ ಬಿತ್ತು?

ನಾನು: 1950ರಲ್ಲಿ ಏರ್ ಇಂಡಿಯಾದ್ದೇ ಇನ್ನೊಂದು ವಿಮಾನ, ಮಲಬಾರ್ ಪ್ರಿನ್ಸೆಸ್, ಅದೇ ಬೆಟ್ಟಕ್ಕೆ ಬಡೀತು. 48 ಜನ. ಪ್ರಯಾಣಿಕರೆಲ್ಲ ಹಡಗಿನಲ್ಲಿ ದುಡಿಯೋರು. ಅವರಿಗೆ ಯಾರು ಬಾಂಬ್ ಇಡ್ತಾರೆ?

ದೊಡ್ಡಪ್ಪ: ಅದು ಗೊತ್ತಿರಲಿಲ್ಲ ಕಣೋ. ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಇದನ್ನ ಅಳಿಸ್ತೀನಿ.

ಅತ್ತೆ: ಆ ಹಡಗಿನವರು ಯಾವ ಊರಿನವರೋ, ಪಾಪ.